ಆಸ್ಪರಾಗಸ್ ಮಡಿ: ಬದಲಾಗದ ಕ್ರಮ, ಬದಲಾದ ಬೀಜ

ಆಸ್ಪರಾಗಸ್ ಯುರೋಪು ಮತ್ತು ಪಶ್ಚಿಮ ಏಷ್ಯಾದ ಮರಳುನೆಲಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಬಹುವಾರ್ಷಿಕ ಸಸ್ಯ, ಅಂದರೆ ಒಮ್ಮೆ ಬೇರೂರಿದರೆ ಹಲವು ವರ್ಷ ಬದುಕುವ ಗಿಡ. ಚಳಿಗಾಲದಲ್ಲಿ ಅದರ ಮೇಲ್ಭಾಗ ಒಣಗಿಹೋಗಿ, ವಸಂತದಲ್ಲಿ ನೆಲದೊಳಗಿನ ಬೇರಿನ ಗುಚ್ಛದಿಂದ ಹೊಮ್ಮುವ ಎಳೆಯ ದಂಟುಗಳೇ ತರಕಾರಿಯಾಗುತ್ತವೆ. ಕರ್ನಾಟಕದ ಕಾಡುಗಳಲ್ಲಿ ಸಿಗುವ, ಆಷಾಢಿ ಬೇರು ಎಂದೂ ಹೆಸರಾದ ಶತಾವರಿ ಇದೇ ಕುಲಕ್ಕೆ ಸೇರಿದ್ದು. ಆದರೆ ಶತಾವರಿಯಲ್ಲಿ ಬೇರನ್ನೇ ಅಗೆದು ಔಷಧಕ್ಕೆ ಬಳಸಿದರೆ, ಆಸ್ಪರಾಗಸ್ಸಿನಲ್ಲಿ ಬೇರನ್ನು ಜೋಪಾನ ಮಾಡಿ ಚಿಗುರನ್ನಷ್ಟೇ ಕೊಯ್ಯಲಾಗುತ್ತದೆ. ಈ ಜೋಪಾನದ ಕ್ರಮ ಎರಡು ಸಾವಿರ ವರ್ಷಗಳಲ್ಲಿ ಬಹಳ ಬದಲಾಗಿಲ್ಲ, ಬದಲಾದದ್ದು ಬೀಜ.

ಕ್ರಮದ ಹಳೆಯ ಮತ್ತು ಅತ್ಯಂತ ವಿವರವಾದ ದಾಖಲೆಗಳಲ್ಲೊಂದು ರೋಮಿನ ಕೇಟೋ ಕ್ರಿ.ಪೂ. 160ರ ಸುಮಾರಿಗೆ ಬರೆದ 'ಡಿ ಅಗ್ರಿ ಕಲ್ಚುರಾ' ಎಂಬ ಕೃಷಿಗ್ರಂಥದಲ್ಲಿದೆ. ಅದರ 161ನೆಯ ಅಧ್ಯಾಯವಿಡೀ ಆಸ್ಪರಾಗಸ್ಸಿಗೇ ಮೀಸಲು. ತೇವವಿರುವ ನೆಲವನ್ನು ಚೆನ್ನಾಗಿ ಅಗೆದು, ಗಿಡವನ್ನು ತುಳಿಯದೆ ಎಲ್ಲ ಕಡೆಯಿಂದಲೂ ಕಳೆ ಕೀಳಲು ಬರುವಂತೆ ಮಡಿಗಳ ನಡುವೆ ಅರ್ಧ ಅಡಿ ದಾರಿ ಬಿಟ್ಟು, ವಸಂತ ವಿಷುವದ ನಂತರ, ಅಂದರೆ ಹಗಲಿರುಳು ಸಮನಾಗುವ ಮಾರ್ಚ್ ತಿಂಗಳ ದಿನ ಕಳೆದ ಮೇಲೆ, ಕೋಲಿನಿಂದ ಗುಳಿ ಮಾಡಿ ಎರಡೆರಡು ಮೂರು ಮೂರು ಬೀಜ ಹಾಕಬೇಕೆಂದು ಅವನು ವಿಧಿಸುತ್ತಾನೆ. ಮೊದಲ ಚಳಿಗಾಲದಲ್ಲಿ ಸಸಿಗಳಿಗೆ ಹುಲ್ಲು ಹೊದಿಸಬೇಕು. ದಂಟು ಕೀಳುವುದು ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ. ಎಂಟೊಂಬತ್ತು ವರ್ಷಗಳಾದ ಮೇಲೆ ಬೇರನ್ನು ಎಬ್ಬಿಸಿ ಹೊಸ ನೆಲಕ್ಕೆ ಸಾಗಿಸಬೇಕು. ಗೊಬ್ಬರದಲ್ಲಿ ಕುರಿಯದೇ ಶ್ರೇಷ್ಠವೆಂಬುದು ಅವನ ಮತ, ಏಕೆಂದರೆ ಬೇರೆ ಗೊಬ್ಬರದೊಡನೆ ಕಳೆಯೂ ಬರುತ್ತದೆ. ಕುರಿಮಂದೆಯನ್ನು ಹೊಲದಲ್ಲಿ ತಂಗಿಸುವ ರೂಢಿಯುಳ್ಳ ಉತ್ತರ ಕರ್ನಾಟಕದ ರೈತರಿಗೆ ಕುರಿಗೊಬ್ಬರದ ಮೇಲಿನ ಈ ಒಲವು ಹೊಸದೆನಿಸದು.

ಕೇಟೋ ಹೇಳಿದ ಕಾಯುವಿಕೆಗೆ ಸಸ್ಯಶಾಸ್ತ್ರದ ಕಾರಣವಿದೆ. ಆಸ್ಪರಾಗಸ್ ಬೀಜ ಮೊಳೆಯಲು ವಾರಗಳೇ ಹಿಡಿಯುತ್ತವೆ, ಮೊಳೆತ ಸಸಿ ನೂಲಿನಷ್ಟು ಸಣ್ಣದಾದ್ದರಿಂದ ಕಳೆಯ ನೆರಳಿನಲ್ಲಿ ಸುಲಭವಾಗಿ ಸಾಯುತ್ತದೆ. ಬದುಕಿದ ಸಸಿಯ ನಯವಾದ ಹಸಿರು ಗರಿಗಳು ಬೇಸಿಗೆಯಿಡೀ ತಯಾರಿಸಿದ ಆಹಾರ ಬೇರುಗಳಲ್ಲಿ ಸಂಗ್ರಹವಾಗಿ ಮುಂದಿನ ವಸಂತದ ದಂಟಾಗುತ್ತದೆ. ಆತುರಪಟ್ಟು ಮೊದಲ ಎರಡು ವರ್ಷಗಳಲ್ಲೇ ದಂಟು ಕೊಯ್ದರೆ ಬೇರು ಬಡವಾಗುತ್ತದೆ. ಇಂದು ಮನೆಯ ಹಿತ್ತಲಲ್ಲಿ ಬೀಜ ಬಿತ್ತುವವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಕೇಟೋನ ಎರಡು ಶತಮಾನಗಳ ನಂತರ, ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಹಿರಿಯ ಪ್ಲಿನಿಯ ಕಾಲಕ್ಕೆ, ರವೆನ್ನಾ ಪಟ್ಟಣದ ಮಡಿಗಳಲ್ಲಿ ಮೂರೇ ದಂಟು ಒಂದು ರೋಮನ್ ಪೌಂಡ್, ಅಂದರೆ ಸುಮಾರು 327 ಗ್ರಾಂ, ತೂಗುತ್ತಿದ್ದವು. ಯಾರು ಬೇಕಾದರೂ ಆಯ್ದುಕೊಳ್ಳಲೆಂದು ಪ್ರಕೃತಿ ಕಾಡಿನಲ್ಲಿ ಬೆಳೆಸಿದ್ದನ್ನು ಮನುಷ್ಯ ಹೊಟ್ಟೆಬಾಕತನದಿಂದ ಇಷ್ಟು ಕೊಬ್ಬಿಸಿದನೆಂದು ಪ್ಲಿನಿ ನೊಂದುಕೊಳ್ಳುತ್ತಾನೆ, ಆ ನೋವಿನಲ್ಲಿ ನ್ಯಾಯವಿದೆ. ಹದಿನೇಳನೆಯ ಶತಮಾನದ ವರ್ಸೇಲ್ಸ್ ಅರಮನೆಯಲ್ಲಂತೂ 14ನೆಯ ಲೂಯಿಯ ತೋಟಗಾರ ಲಾ ಕ್ಯಾಂಟಿನಿ, ಹಸಿ ಗೊಬ್ಬರದ ಕಾವಿನಿಂದ ನಡುಚಳಿಗಾಲದಲ್ಲೇ ದಂಟು ಹೊರಡಿಸುತ್ತಿದ್ದ. ಹಾಗೆ ಬಲವಂತವಾಗಿ ಚಿಗುರಿಸಿದ ಬೇರು ಬೇಗ ಸೋಲುತ್ತದೆ.

ಬೀಜದ ಕಥೆಗೆ ನಿಜವಾದ ತಿರುವು ಬಂದದ್ದು ರೋಗದಿಂದ. 1896ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಾಣಿಸಿಕೊಂಡ ತುಕ್ಕುರೋಗ, ಎಂದರೆ ಗರಿಗಳ ಮೇಲೆ ಕಂದು ಪುಡಿಯಂತೆ ಹಬ್ಬಿ ಬೇರಿಗೆ ಆಹಾರ ತಪ್ಪಿಸುವ ಶಿಲೀಂಧ್ರ, ಕೆಲವೇ ವರ್ಷಗಳಲ್ಲಿ ದೇಶದುದ್ದಕ್ಕೂ ಹರಡಿತು. ಆಸ್ಪರಾಗಸ್ಸಿನಲ್ಲಿ ಗಂಡು ಹೂ ಒಂದು ಗಿಡದಲ್ಲೂ ಹೆಣ್ಣು ಹೂ ಇನ್ನೊಂದರಲ್ಲೂ ಬಿಡುವುದರಿಂದ, ರೋಗ ತಡೆಯುವ ತಳಿ ರೂಪಿಸಲು ತಂದೆ ತಾಯಿ ಎರಡನ್ನೂ ಆರಿಸಬೇಕಾಗುತ್ತದೆ. ಮ್ಯಾಸಚೂಸೆಟ್ಸ್‌ನ ಕಾನ್ಕಾರ್ಡ್‌ನಲ್ಲಿ ಸರ್ಕಾರಿ ಕೃಷಿ ಇಲಾಖೆಯ ಜೆ. ಬಿ. ನಾರ್ಟನ್, ರೋಗಕ್ಕೆ ಬಗ್ಗದ ಒಂದು ಗಂಡು ಗಿಡವನ್ನು ಹುಡುಕಿ ಅದಕ್ಕೆ ವಾಷಿಂಗ್ಟನ್ ಎಂದೂ, ಆರಿಸಿದ ಹೆಣ್ಣು ಗಿಡಗಳಿಗೆ ಮೇರಿ, ಮಾರ್ಥಾ ಎಂದೂ ಹೆಸರಿಟ್ಟು ಕೂಡಿಸಿದರು. ಅದರಿಂದ ಹುಟ್ಟಿದ ಮೇರಿ ವಾಷಿಂಗ್ಟನ್ ತಳಿಯ ಬೀಜ ಇಂದಿಗೂ ಮನೆತೋಟಗಳಿಗೆ ಮಾರಾಟವಾಗುತ್ತದೆ.

ಅಂಥ ಬೀಜದಿಂದ ಎದ್ದ ಮಡಿಯಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು. ಹೆಣ್ಣು ಗಿಡದ ಶಕ್ತಿ ಕೆಂಪು ಹಣ್ಣಿಗೆ ಹಂಚಿಹೋಗುತ್ತದೆ, ಉದುರಿದ ಹಣ್ಣು ಮೊಳೆತು ಮಡಿಯಲ್ಲೇ ಕಳೆಯಾಗುತ್ತದೆ. ಗಂಡು ಗಿಡ ಹೆಚ್ಚು ದಂಟು ಕೊಡುತ್ತದೆ. ಆದ್ದರಿಂದಲೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಎಲಿಸನ್ ಜೆರ್ಸಿ ಜೈಂಟ್‌ನಂಥ, ಬಹುಪಾಲು ಗಂಡು ಗಿಡಗಳೇ ಹುಟ್ಟುವ ಸಂಕರ ತಳಿಗಳನ್ನು ರೂಪಿಸಿದರು. ಇಳುವರಿ ಏರಿತು, ಆದರೆ ಅಂಥ ಮಡಿಯಲ್ಲಿ ಶರತ್ಕಾಲಕ್ಕೆ ಹಣ್ಣಾಗುವುದು ಅಪರೂಪವಾಗಿ, ಬೆಳೆಗಾರ ಪ್ರತಿ ಹೊಸ ಮಡಿಗೂ ಬೀಜವನ್ನು ಕೊಳ್ಳಲೇಬೇಕಾಯಿತು. ತನ್ನ ಮಡಿಯ ಬೀಜವನ್ನೇ ತಾನು ಬಿತ್ತಬೇಕೆನ್ನುವ ಮನೆತೋಟದವರು ಇಳುವರಿಯನ್ನು ಬಿಟ್ಟುಕೊಟ್ಟು ಹಳೆಯ ತಳಿಗಳನ್ನೇ ಇಟ್ಟುಕೊಂಡಿದ್ದಾರೆ.