ಪಠ್ಯಪುಸ್ತಕ ಪಾರದರ್ಶಕತೆ

ಶಾಲೆಯಲ್ಲಿ ಯಾವ ಪಾಠ ಕಲಿಸುತ್ತಾರೆ, ಅದನ್ನು ಆರಿಸಿದವರು ಯಾರು, ಯಾವುದನ್ನು ಏಕೆ ಸೇರಿಸಿದರು ಅಥವಾ ಕೈಬಿಟ್ಟರು ಎಂಬುದು ಸಾರ್ವಜನಿಕರಿಗೆ ಗೊತ್ತಾಗುವ ವ್ಯವಸ್ಥೆ. ಭಾರತದಲ್ಲಿ ಅಚ್ಚಾದ ಪುಸ್ತಕ ಯಾರ ಕೈಗಾದರೂ ಸಿಗುತ್ತದೆ. ಅದನ್ನು ತಿದ್ದುವ ಕೆಲಸ ಮಾತ್ರ ಬಹುತೇಕ ಮುಚ್ಚಿದ ಬಾಗಿಲ ಹಿಂದೆಯೇ ನಡೆದುಬಂದಿದೆ.

1961ರಲ್ಲಿ ಶಾಲಾ ಪಠ್ಯ ರೂಪಿಸುವ ಕೇಂದ್ರ ಸಂಸ್ಥೆಯಾದ ಎನ್‌ಸಿಇಆರ್‌ಟಿ ಸ್ಥಾಪನೆಯಾದ ಮೇಲೆ ಹೆಸರಾಂತ ವಿದ್ವಾಂಸರೇ ಶಾಲಾ ಪುಸ್ತಕ ಬರೆಯತೊಡಗಿದರು. 1977ರಲ್ಲಿ ಜನತಾ ಸರ್ಕಾರ ಬಂದಾಗ ರೋಮಿಲಾ ಥಾಪರ್, ಬಿಪನ್ ಚಂದ್ರ ಮೊದಲಾದವರ ಇತಿಹಾಸ ಪುಸ್ತಕಗಳನ್ನು ಆಕ್ಷೇಪಿಸುವ ಟಿಪ್ಪಣಿಯೊಂದು ಪ್ರಧಾನಿ ಕಚೇರಿಯಿಂದ ಶಿಕ್ಷಣ ಸಚಿವರಿಗೆ ಹೋಯಿತು. ಅದರಲ್ಲಿ ಬರೆದವರ ಹೆಸರೇ ಇರಲಿಲ್ಲ. ಮರುವರ್ಷ ಆರ್.ಎಸ್. ಶರ್ಮಾ ಅವರ ಪ್ರಾಚೀನ ಭಾರತದ ಪುಸ್ತಕವನ್ನು ಪಠ್ಯಕ್ರಮದಿಂದ ತೆಗೆದರು. ಪುಸ್ತಕ ಬರೆದವರು ಹೆಸರು ಹಾಕಿ ಹೊಣೆ ಹೊತ್ತಿದ್ದರು. ಆಕ್ಷೇಪಿಸಿದವರಿಗೆ ಆ ಹೊಣೆ ಇರಲಿಲ್ಲ. ಮುಂದಿನ ಎಲ್ಲ ವಿವಾದಗಳ ತಿರುಳು ಇಲ್ಲೇ ಇದೆ.

2001ರ ಅಕ್ಟೋಬರಿನಲ್ಲಿ ಸಿಬಿಎಸ್‌ಇ ಹೊರಡಿಸಿದ ಸುತ್ತೋಲೆ ಇನ್ನೂ ಮುಂದೆ ಹೋಗಿ, ಇತಿಹಾಸ ಪುಸ್ತಕಗಳಿಂದ ಕೈಬಿಟ್ಟ ಭಾಗಗಳನ್ನು ತರಗತಿಯಲ್ಲಿ ಚರ್ಚಿಸಲೂ ಬಾರದೆಂದಿತು. ಮಾಹಿತಿ ಹಕ್ಕಿನ ಹೋರಾಟಗಾರ್ತಿ ಅರುಣಾ ರಾಯ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋಗಿ, ಕೇಂದ್ರ ಶಿಕ್ಷಣ ಸಲಹಾ ಮಂಡಳಿಯನ್ನು ಕೇಳದೆ ಪಠ್ಯಕ್ರಮ ಚೌಕಟ್ಟು ರೂಪಿಸಿದ್ದನ್ನು ಪ್ರಶ್ನಿಸಿದರು. ಆ ಸಮಾಲೋಚನೆ ಕಡ್ಡಾಯವಲ್ಲ ಎಂದು 2002ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು.

2005 ಈ ಇತಿಹಾಸದ ಅತ್ಯಂತ ಭರವಸೆಯ ವರ್ಷ. ಯಶ್ ಪಾಲ್ ನೇತೃತ್ವದಲ್ಲಿ ಸಿದ್ಧವಾದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗೆ 21 ವಿಷಯ ತಂಡಗಳು ದುಡಿದವು, ಅವುಗಳ ನಿಲುವುಪತ್ರಗಳು ಪ್ರಕಟವಾದವು. ಮಹತ್ವದ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆಂದು ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳಿತು. ಖಾಸಗಿ ಶಾಲೆಗಳ ಪುಸ್ತಕಗಳ ಮೇಲೂ ನಿಗಾ ಇಡಲು ರಾಷ್ಟ್ರೀಯ ಪಠ್ಯಪುಸ್ತಕ ಮಂಡಳಿ ಬೇಕೆಂದು ಸಲಹಾ ಮಂಡಳಿಯ ಸಮಿತಿಯೊಂದು ಶಿಫಾರಸು ಮಾಡಿತು. ಆ ಮಂಡಳಿ ರಚನೆಯಾಗಲೇ ಇಲ್ಲ.

ಕರ್ನಾಟಕದ ಸರ್ಕಾರಿ ಪಠ್ಯಪುಸ್ತಕ ತೆರೆದರೆ ಮೊದಲ ಪುಟಗಳಲ್ಲೇ ರಚನಾ ಸಮಿತಿಯ ಅಧ್ಯಕ್ಷರು, ಸದಸ್ಯರು, ಚಿತ್ರಕಾರರು, ಪರಿಶೀಲಕರ ಹೆಸರುಗಳಿರುತ್ತವೆ. 2017ರಲ್ಲಿ ಬಂದ ಪರಿಷ್ಕೃತ ಆವೃತ್ತಿಗಳಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿಯ ಹೆಸರೂ ಸೇರಿತು. ಇದು ಒಳ್ಳೆಯ ಪದ್ಧತಿ. ಆದರೆ ಹಿಂದಿನ ಆವೃತ್ತಿಯ ಯಾವ ಸಾಲು ಹೋಯಿತು, ಯಾವುದು ಬಂತು ಎಂಬುದನ್ನು ಈ ಪುಟಗಳು ಹೇಳುವುದಿಲ್ಲ. ಅದರ ಬೆಲೆ 2022ರಲ್ಲಿ ಗೊತ್ತಾಯಿತು. ಪುಸ್ತಕಗಳನ್ನು ಮತ್ತೆ ಪರಿಷ್ಕರಿಸಿದ ರೋಹಿತ್ ಚಕ್ರತೀರ್ಥ ಸಮಿತಿ ಮಾಡಿದ ಬದಲಾವಣೆಗಳು ಪತ್ರಿಕಾ ವರದಿಗಳ ಮೂಲಕ ಒಂದೊಂದಾಗಿ ಹೊರಬಂದವು. ಸಾಹಿತಿ ದೇವನೂರ ಮಹಾದೇವ ತಮ್ಮ ಬರಹಕ್ಕೆ ಕೊಟ್ಟಿದ್ದ ಒಪ್ಪಿಗೆ ಹಿಂಪಡೆದರು. 9ನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರ್ ಅವರಿಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ವಿಶೇಷಣ ಬಿಟ್ಟುಹೋಗಿದ್ದು ಬೆಳಕಿಗೆ ಬಂದು, ಸರ್ಕಾರ ಅದನ್ನು ಮರಳಿ ಸೇರಿಸಲು ಆದೇಶಿಸಬೇಕಾಯಿತು. ಅಷ್ಟರಲ್ಲಿ ಸಮಿತಿಯ ವಿಸರ್ಜನೆಯೂ ಆಗಿತ್ತು. ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ಅಚ್ಚಿಗೆ ಮೊದಲೇ ಜನರ ಮುಂದಿಟ್ಟಿದ್ದರೆ, ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳೂ ಶಿಕ್ಷಕರೂ ಆ ಗೊಂದಲದಲ್ಲಿ ಸಿಲುಕುತ್ತಿರಲಿಲ್ಲ.

ಅದೇ ವರ್ಷ ಎನ್‌ಸಿಇಆರ್‌ಟಿ, ಕೋವಿಡ್ ನಂತರ ಕಲಿಕೆಯ ಹೊರೆ ಇಳಿಸಲೆಂದು, ತಾನು ಕೈಬಿಟ್ಟ ಭಾಗಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿತು. 2023ರ ಏಪ್ರಿಲ್‌ನಲ್ಲಿ ಹೊಸ ಪುಸ್ತಕ ಬಂದಾಗ, ಪಟ್ಟಿಯಲ್ಲಿಲ್ಲದ ಭಾಗಗಳೂ ಮಾಯವಾಗಿದ್ದನ್ನು ‘ಇಂಡಿಯನ್ ಎಕ್ಸ್‌ಪ್ರೆಸ್’ ತೋರಿಸಿತು. ಗಾಂಧಿ ಹತ್ಯೆಯ ನಂತರ ಆರೆಸ್ಸೆಸ್ ಮೇಲೆ ಬಂದ ನಿಷೇಧದ ಉಲ್ಲೇಖ ಅವುಗಳಲ್ಲೊಂದು. ಅದು ಕಣ್ತಪ್ಪಿನಿಂದ ಆಗಿರಬಹುದು ಎಂದು ಸಂಸ್ಥೆ ಹೇಳಿತಾದರೂ ಆ ಸಾಲುಗಳನ್ನು ಮರಳಿ ಸೇರಿಸಲಿಲ್ಲ. ಜೂನ್‌ನಲ್ಲಿ, ರಾಜ್ಯಶಾಸ್ತ್ರ ಪುಸ್ತಕಗಳ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ತಮ್ಮ ಹೆಸರನ್ನು ಅವುಗಳಿಂದ ತೆಗೆಯಿರಿ ಎಂದು ಪತ್ರ ಬರೆದರು. ಬೆನ್ನಲ್ಲೇ ಇನ್ನೂ 33 ವಿದ್ವಾಂಸರು ಅದನ್ನೇ ಕೇಳಿದರು. ಪುಸ್ತಕಗಳ ಹಕ್ಕುಸ್ವಾಮ್ಯ ತನ್ನದೇ ಆಗಿರುವುದರಿಂದ ಯಾರೂ ಹಾಗೆ ಹಿಂದೆ ಸರಿಯಲು ಬರುವುದಿಲ್ಲ ಎಂಬುದು ಎನ್‌ಸಿಇಆರ್‌ಟಿ ನಿಲುವಾಗಿತ್ತು.