ರೇಡಿಯೋ ಅಳವಡಿಸಿದ ಶ್ರವಣ ರಕ್ಷಣಾ ಕಿವಿಗವಸುಗಳು

ಅಧಿಕ ಶಬ್ದದಿಂದ ಉಂಟಾಗುವ ಕಿವುಡುತನವು ಗುಣಪಡಿಸಲಾಗದ ವೃತ್ತಿಜನ್ಯ ಕಾಯಿಲೆಯಾಗಿರುತ್ತದೆ. ಶಬ್ದವನ್ನು ಯಂತ್ರದಲ್ಲಿಯೇ ತಗ್ಗಿಸಲು ಸಾಧ್ಯವಾಗದ ಕಡೆ ಕಾರ್ಮಿಕರು ಕಿವಿಗವಸು ಧರಿಸತಕ್ಕದ್ದು.

ಕಿವಿಗವಸನ್ನು ವಿತರಿಸಿದರೆ ಸಾಲದು, ಅದು ಪಾಳಿಯುದ್ದಕ್ಕೂ ಕಿವಿಯ ಮೇಲಿರಬೇಕು. 30 ಡೆಸಿಬಲ್ ತಗ್ಗಿಸುವ ಕಿವಿಗವಸನ್ನು 8 ಗಂಟೆಗಳ ಪಾಳಿಯಲ್ಲಿ ಕೇವಲ ಅರ್ಧ ಗಂಟೆ ಕಳಚಿಟ್ಟರೂ ದೊರೆಯುವ ಒಟ್ಟು ರಕ್ಷಣೆಯು ಸುಮಾರು 12 ಡೆಸಿಬಲ್‌ಗೆ ಇಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಬರಿಗಿವಿಗೆ ತಲುಪುವ ಶಬ್ದಶಕ್ತಿಯು ಉಳಿದ ಏಳೂವರೆ ಗಂಟೆಗಳದ್ದಕ್ಕಿಂತ 60 ಪಟ್ಟಿಗೂ ಅಧಿಕ. ಬೇಸರದಿಂದ ಕಿವಿಗವಸು ಕಳಚುವವರಿಗೆ ರೇಡಿಯೋ ಇರುವ ಮಾದರಿಯು ಈ ಕಾರಣದಿಂದಲೇ ಉಪಯುಕ್ತವೆನಿಸಿದೆ.

ಆದರೆ ರಕ್ಷಣೆ ನೀಡುವುದು ಬಟ್ಟಲು ಮತ್ತು ಮೆತ್ತೆಯೇ ಹೊರತು ರೇಡಿಯೋ ಅಲ್ಲ. ತಗಡಿನ ಶೆಡ್ಡುಗಳಲ್ಲಿ ಎಫ್.ಎಂ. ಸರಿಯಾಗಿ ಕೇಳಿಸದಿದ್ದಾಗ ಧ್ವನಿ ಏರಿಸುವುದು ಸಹಜ. ಆದ್ದರಿಂದ ರೇಡಿಯೋ ಧ್ವನಿಯನ್ನು 82 ಡೆಸಿಬಲ್‌ಗೆ ಮಿತಿಗೊಳಿಸುವ ಮಾದರಿಗಳನ್ನೇ ಖರೀದಿಸುವುದು ಸೂಕ್ತ. ಸಾಮಾನ್ಯ ಇಯರ್‌ಫೋನ್ ಧರಿಸಿ ಅದರ ಮೇಲೆ ಕಿವಿಗವಸು ಹಾಕುವುದು ಪರ್ಯಾಯವಲ್ಲ. ತಂತಿಯು ಮೆತ್ತೆಯಡಿ ಸಂದು ಉಂಟುಮಾಡಿ ಶಬ್ದವನ್ನು ಒಳಬಿಡುತ್ತದೆ. ಕನ್ನಡಕದ ದಪ್ಪ ಕಡ್ಡಿಯಿಂದಲೂ ಇದೇ ತೊಂದರೆ.

ಫೋರ್ಕ್‌ಲಿಫ್ಟ್, ಕ್ರೇನ್ ಸಂಚರಿಸುವ ಹಾಗೂ ಅಪಾಯದ ಸೈರನ್ ಕೇಳಿಸಲೇಬೇಕಾದ ಸ್ಥಳಗಳಲ್ಲಿ ರೇಡಿಯೋ ಬಳಕೆಗೆ ಅವಕಾಶ ನೀಡಬಾರದು.