ಓಡಿದ ಮೇಲೆ ಎದೆ ಬಿಗಿದರೆ ಅದು ‘ಸ್ಟಾಮಿನಾ’ ಕೊರತೆಯೇ ಆಗಬೇಕಿಲ್ಲ

ಶಿವಮೊಗ್ಗದ ನೆಹರೂ ಕ್ರೀಡಾಂಗಣವಿರಲಿ, ಭದ್ರಾವತಿಯ ಶಾಲಾ ಮೈದಾನವಿರಲಿ, ಓಟ ಮುಗಿಸಿ ಕೆಮ್ಮುತ್ತಾ ಕೂರುವ ಹುಡುಗನಿಗೆ ನಾವು ಕೊಡೋ ಸರ್ಟಿಫಿಕೇಟ್ ಒಂದೇ: ‘ಸ್ಟಾಮಿನಾ ಇಲ್ಲ.’ ಹುಡುಗಿಯಾದರೆ, ‘ನಿನಗ್ಯಾಕಮ್ಮ ಓಟ?’ ಚಿಕಿತ್ಸೆಯಿರುವ ತೊಂದರೆಗೆ ಆಟವನ್ನೇ ಬಿಡಿಸುವುದು ಅನ್ಯಾಯ.

ಏನಾಗುತ್ತೆ?

ಜೋರಾಗಿ ಓಡುವಾಗ ಬಾಯಲ್ಲಿ ಉಸಿರಾಡ್ತೀವಿ. ತಣ್ಣನೆಯ, ಒಣ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವಾಗ ಶ್ವಾಸನಾಳಗಳು ನೀರು ಕಳೆದುಕೊಳ್ಳುತ್ತವೆ. ಕೆಲವರಲ್ಲಿ ಇದರಿಂದ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಎಂಜಿನಿಯರಿಂಗ್ ಓದಿದ ನನಗೆ ಇದು ಪೈಪಿನ ಲೆಕ್ಕ: ನಯವಾಗಿ ಹರಿಯುವ ಗಾಳಿಗೆ ಪೈಪಿನ ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟು. ಅದನ್ನು ಛಲದಿಂದ ಗೆಲ್ಲೋಕಾಗಲ್ಲ.

ಕೆಮ್ಮು, ಸುಂಯ್ ಎನ್ನುವ ಉಸಿರು, ಎದೆ ಬಿಗಿತ ಇದರ ಲಕ್ಷಣ. ಓಡುವಾಗ ಅಥವಾ ನಿಲ್ಲಿಸಿದ 5–10 ನಿಮಿಷದಲ್ಲಿ ಹೆಚ್ಚಾಗಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತವೆ. ಆಸ್ತಮಾ ಇಲ್ಲದವರಿಗೂ ಬರಬಹುದು.

ಪತ್ತೆ ಹೇಗೆ?

ಸ್ಪೈರೋಮೀಟರ್‌ಗೆ ಊದಿಸಿ, ಓಡಿಸಿ, ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 10% ಅಥವಾ ಹೆಚ್ಚು ಇಳಿದರೆ ಅನುಮಾನಕ್ಕೆ ಆಧಾರ ಸಿಕ್ಕಂತೆ. ಉಸಿರು ಒಳಗೆಳೆಯುವಾಗ ಗಂಟಲಲ್ಲಿ ಸದ್ದಾದರೆ ತೊಂದರೆ ಧ್ವನಿಪೆಟ್ಟಿಗೆಯದ್ದಿರಬಹುದು. ಅದಕ್ಕೆ ಬೇಕಿರುವುದು ಇನ್‌ಹೇಲರ್ ಅಲ್ಲ, ಉಸಿರಾಟದ ತರಬೇತಿ. ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಮೊದಲು ಹೃದಯದ ತಪಾಸಣೆ ಆಗಲೇಬೇಕು. ರಕ್ತಹೀನತೆಯಿಂದಲೂ ಏದುಸಿರು ಬರುತ್ತದೆ.

ಚಿಕಿತ್ಸೆ

ಆಟಕ್ಕೆ ಮೊದಲು 10–15 ನಿಮಿಷ ವಾರ್ಮ್‌ಅಪ್ ಮಾಡಿ. ಚಳಿಗಾಲದ ಬೆಳಗ್ಗೆ ಮೂಗು, ಬಾಯಿಗೆ ತೆಳು ಬಟ್ಟೆ ಕಟ್ಟಿಕೊಳ್ಳಿ. ವೈದ್ಯರು ಹೇಳಿದರೆ ಆಟಕ್ಕೆ ಸುಮಾರು 15 ನಿಮಿಷ ಮೊದಲು ಸಾಲ್ಬುಟಮಾಲ್ ಇನ್‌ಹೇಲರ್. ಸ್ಪೇಸರ್ ಇದ್ದರೆ ಔಷಧಿ ಶ್ವಾಸಕೋಶಕ್ಕೆ ಚೆನ್ನಾಗಿ ತಲುಪುತ್ತದೆ. ಆದರೆ ಆಸ್ತಮಾ ಇರುವವರು ಬರೀ ಅದನ್ನೇ ನಂಬಿಕೊಳ್ಳಬಾರದು. 12 ವರ್ಷ ಮೇಲ್ಪಟ್ಟವರಿಗೆ ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬೇಕೆಂದು ಜಾಗತಿಕ ಆಸ್ತಮಾ ಮಾರ್ಗಸೂಚಿ ‘ಜಿನಾ’ 2019ರಿಂದ ಹೇಳುತ್ತಿದೆ. ಇದು ಜಿಮ್‌ನವರ ಸ್ನಾಯು ಬೆಳೆಸುವ ಸ್ಟೀರಾಯ್ಡ್ ಅಲ್ಲ.

ಇನ್‌ಹೇಲರ್ ಎಳೆದಿದ್ದರಿಂದಲೂ ಉಸಿರು ಸುಧಾರಿಸದಿದ್ದರೆ, ಮಾತಾಡೋಕೆ ಆಗದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಡೋಪಿಂಗ್ ಭಯ

ವಿಶ್ವ ಉದ್ದೀಪನ ತಡೆ ಸಂಸ್ಥೆ (ವಾಡಾ) ಸಾಲ್ಬುಟಮಾಲ್ ಇನ್‌ಹೇಲರ್‌ಗೆ ಮಿತಿ ಇಟ್ಟಿದೆ: 24 ಗಂಟೆಗೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರುವಂತಿಲ್ಲ. ಒಂದು ಪಫ್‌ನಲ್ಲಿ ಸಾಮಾನ್ಯವಾಗಿ ಇರುವುದು 100. ಅದೇ ಔಷಧಿಯ ಮಾತ್ರೆ, ಸಿರಪ್ ಮಾತ್ರ ವಿಶೇಷ ಅನುಮತಿ ಇಲ್ಲದೆ ನಿಷಿದ್ಧ. ‘ಕೆಮ್ಮಿಗೆ ಅಂತ’ ಸಿರಪ್ ಕೊಡುವ ಮನೆಯವರಿಗೆ ಇದು ಗೊತ್ತಿರಬೇಕು.

ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್ ಈ ತೊಂದರೆ ಇಟ್ಟುಕೊಂಡೇ 2003ರಲ್ಲಿ ಮ್ಯಾರಥಾನ್ ವಿಶ್ವದಾಖಲೆ ಬರೆದವರು. ನಮ್ಮ ಮಕ್ಕಳಿಗೆ ಬೇಕಿರುವುದು ದೊಡ್ಡ ಯೋಜನೆಯೇನಲ್ಲ. ಲಕ್ಷಣ ಗುರುತಿಸಬಲ್ಲ ಪಿಇ ಮೇಷ್ಟ್ರು, ಕೈಗೆಟುಕುವಂತಿರುವ ಇನ್‌ಹೇಲರ್, ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಗೆ ಸಕಾಲದಲ್ಲಿ ಒಂದು ಚೀಟಿ. ಕ್ರೀಡಾಕೂಟದ ವೇದಿಕೆಯಲ್ಲಿ ಭಾಷಣ ಮಾಡುವವರನ್ನು ಈ ಮೂರನ್ನು ಕೇಳೋಣ.